ಬಿ ಪ್ಲಸ್ ಕೊಟ್ಟ ಮೇಷ್ಟ್ರ ಜೊತೆ ಐವತ್ತು ವರ್ಷದ ಜಗಳ

1978ರ ಮೇ ತಿಂಗಳು. ನ್ಯೂಯಾರ್ಕಿನ ಗ್ರೀನ್‌ವಿಚ್ ವಿಲೇಜ್‌ನಲ್ಲಿದ್ದ 'ದ ಬಾಟಮ್ ಲೈನ್' ಎಂಬ ಕ್ಲಬ್ಬು. ವೇದಿಕೆಯ ಮೇಲೆ ಲೂ ರೀಡ್. ತನ್ನ ಅತಿ ಜನಪ್ರಿಯ ಹಾಡನ್ನು ಶುರು ಮಾಡಿದವನು ಅದನ್ನು ಅರ್ಧಕ್ಕೇ ಬಿಟ್ಟು ಸಂಗೀತ ವಿಮರ್ಶಕರನ್ನು ಬೈಯಲು ತೊಡಗುತ್ತಾನೆ. ಹಿಂದೆ ವಾದ್ಯಗಳು ನುಡಿಯುತ್ತಲೇ ಇವೆ, ಮುಂದೆ ಬೈಗುಳ ಹರಿಯುತ್ತಲೇ ಇದೆ. ವರ್ಷವಿಡೀ ಕೂತು ಒಂದು ಆಲ್ಬಮ್ ಮಾಡುವುದು, ಕೊನೆಗೆ 'ವಿಲೇಜ್ ವಾಯ್ಸ್' ಪತ್ರಿಕೆಯ ಯಾರೋ ಒಬ್ಬ ಅದಕ್ಕೆ 'ಬಿ ಪ್ಲಸ್' ಎಂದು ಮಾರ್ಕ್ಸ್ ಹಾಕುವುದು, ಇದೆಂಥಾ ಬದುಕು ಎಂಬುದು ಆ ಬೈಗುಳದ ತಾತ್ಪರ್ಯ. ಆ 'ಯಾರೋ ಒಬ್ಬ'ನ ಹೆಸರನ್ನೂ ಆತ ಹೇಳಿದ: ರಾಬರ್ಟ್ ಕ್ರಿಸ್ಟ್‌ಗೌ.

ಆ ಕಛೇರಿಯ ಮುದ್ರಣ ಅದೇ ವರ್ಷ 'ಟೇಕ್ ನೋ ಪ್ರಿಸನರ್ಸ್' ಎಂಬ ಆಲ್ಬಮ್ಮಾಗಿ ಹೊರಬಂತು, ಬೈಗುಳದ ಸಮೇತ. ಅದು ವಿಮರ್ಶೆಗೆಂದು ಕ್ರಿಸ್ಟ್‌ಗೌ ಅವರ ಮೇಜಿಗೂ ಬಂತು. ಅವರು ಕೇಳಿದರು, ನಾಲ್ಕು ಸಾಲು ಬರೆದರು, ತನ್ನ ಹೆಸರನ್ನು ಸರಿಯಾಗಿ ಉಚ್ಚರಿಸಿದ್ದಕ್ಕೆ ಗಾಯಕನಿಗೆ ಧನ್ಯವಾದ ಹೇಳಿದರು, ಕೊಟ್ಟ ದರ್ಜೆ 'ಸಿ ಪ್ಲಸ್'.

ರಾಕ್ ಸಂಗೀತದ ಚರಿತ್ರೆ ಬರೆಯುವವರು ಈ ಪ್ರಸಂಗವನ್ನು ಸಾಮಾನ್ಯವಾಗಿ ತಮಾಷೆಗೆಂದು ಹೇಳುತ್ತಾರೆ. ನನಗೆ ಇದು ಒಂದು ದೊಡ್ಡ ಕಥೆಯ ನಡುವಿನ ಪುಟದಂತೆ ಕಾಣುತ್ತದೆ. ಒಬ್ಬ ಮನುಷ್ಯ ಐವತ್ತಕ್ಕೂ ಹೆಚ್ಚು ವರ್ಷ ತನಗೆ ಯಾವ ಸಂಗೀತ ಹಿಡಿಸಿತು, ಯಾವುದು ಹಿಡಿಸಲಿಲ್ಲ ಎಂದು ಬಹಿರಂಗವಾಗಿ ಬರೆಯುತ್ತಾ ಹೋದ. ಕೇಳುಗರು, ಹಾಡುಗಾರರು, ಇತರ ವಿಮರ್ಶಕರು ಅಷ್ಟೇ ಕಾಲ ಅವನ ಜೊತೆ ಜಗಳವಾಡುತ್ತಾ ಬಂದರು. ಅವನ ಅಭಿರುಚಿ ಸರಿಯೇ ತಪ್ಪೇ ಎಂಬ ಪ್ರಶ್ನೆ ಇನ್ನೂ ತೀರ್ಮಾನವಾಗಿಲ್ಲ, ಆಗುವುದೂ ಇಲ್ಲ. ಆದರೆ ಆ ಜಗಳದಿಂದ ಕೇಳುಗರಿಗೆ ಏನು ಸಿಕ್ಕಿತು ಎಂಬುದನ್ನು ಈಗ ಹಿಂತಿರುಗಿ ನೋಡಬಹುದು.

ಒಂದೇ ದಿನ, ಎರಡು ತೀರ್ಪು

ಕ್ರಿಸ್ಟ್‌ಗೌ ಹುಟ್ಟಿದ್ದು 1942ರಲ್ಲಿ, ನ್ಯೂಯಾರ್ಕಿನಲ್ಲಿ. ತಂದೆ ಅಗ್ನಿಶಾಮಕ ದಳದಲ್ಲಿ ಕೆಲಸಕ್ಕಿದ್ದವರು. ಡಾರ್ಟ್‌ಮತ್ ಕಾಲೇಜಿನಲ್ಲಿ ಓದಿ 1962ರಲ್ಲಿ ಪದವಿ ಪಡೆದರು. 1967ರಲ್ಲಿ 'ಎಸ್ಕ್ವೈರ್' ಮಾಸಪತ್ರಿಕೆಗೆ ಸಂಗೀತದ ಅಂಕಣ ಬರೆಯತೊಡಗಿದಾಗ ವಯಸ್ಸು ಇಪ್ಪತ್ತೈದು. ಅಂಥದೊಂದು ಕೆಲಸವಿದೆ ಎಂಬುದೇ ಆಗ ಹೊಸ ಮಾತು. ಶಾಸ್ತ್ರೀಯ ಸಂಗೀತಕ್ಕೆ, ಜಾಝ್‌ಗೆ ವಿಮರ್ಶಕರಿದ್ದರು. ಹುಡುಗ ಹುಡುಗಿಯರು ಕುಣಿಯುವ ರಾಕ್ ಸಂಗೀತಕ್ಕೆ ವಿಮರ್ಶೆ ಏಕೆ ಬೇಕು? ಹದಿನೇಳರ ಹರೆಯದ ಪಾಲ್ ವಿಲಿಯಮ್ಸ್ ಎಂಬ ವಿದ್ಯಾರ್ಥಿ 1966ರಲ್ಲಿ 'ಕ್ರಾಡ್ಯಾಡಿ' ಎಂಬ ಪುಟ್ಟ ಪತ್ರಿಕೆ ಶುರು ಮಾಡಿ ಈ ಪ್ರಶ್ನೆಗೆ ಒಂದು ಉತ್ತರ ಕೊಟ್ಟಿದ್ದ. 'ರೋಲಿಂಗ್ ಸ್ಟೋನ್' ಬಂದದ್ದು 1967ರ ನವೆಂಬರಿನಲ್ಲಿ. 1968ರಲ್ಲಿ ಎಲೆನ್ ವಿಲಿಸ್ 'ನ್ಯೂಯಾರ್ಕರ್' ಪತ್ರಿಕೆಗೆ ಬರೆಯತೊಡಗಿದರು. ಗುಂಪು ಚಿಕ್ಕದು, ಬಹುತೇಕರು ಒಬ್ಬರಿಗೊಬ್ಬರು ಪರಿಚಿತರು.

ಈ ಹೊಸ ವಿಮರ್ಶೆಯ ಮೇಲೆ ಕೇಳುಗರು ಮೊದಲ ಬಾರಿಗೆ ಮುಗಿಬಿದ್ದ ಸಂದರ್ಭ 1967ರ ಜೂನ್ 18ರದು. ಬೀಟಲ್ಸ್ ತಂಡದ 'ಸಾರ್ಜೆಂಟ್ ಪೆಪ್ಪರ್ಸ್ ಲೋನ್ಲಿ ಹಾರ್ಟ್ಸ್ ಕ್ಲಬ್ ಬ್ಯಾಂಡ್' ಹೊರಬಂದು ಕೆಲವೇ ದಿನಗಳಾಗಿದ್ದವು. ಜಗತ್ತೆಲ್ಲ ಅದನ್ನು ಹೊಗಳುತ್ತಿದ್ದಾಗ ರಿಚರ್ಡ್ ಗೋಲ್ಡ್‌ಸ್ಟೀನ್ ಎಂಬ ಯುವಕ 'ನ್ಯೂಯಾರ್ಕ್ ಟೈಮ್ಸ್'ನಲ್ಲಿ ಅದು ಅಲಂಕಾರ ಜಾಸ್ತಿಯಾದ, ಒಳಗೆ ಟೊಳ್ಳಾದ ಕೆಲಸ ಎಂಬರ್ಥದಲ್ಲಿ ಬರೆದರು. ಪತ್ರಿಕೆಗೆ ಸಿಟ್ಟಿನ ಪತ್ರಗಳ ಮಳೆ. ಅಂದು ತನ್ನ ಸ್ಟೀರಿಯೋದ ಒಂದು ಸ್ಪೀಕರ್ ಕೆಟ್ಟಿತ್ತು ಎಂದು ಗೋಲ್ಡ್‌ಸ್ಟೀನ್ ಎಷ್ಟೋ ವರ್ಷಗಳ ಮೇಲೆ ಹೇಳಿಕೊಂಡರು! ಕ್ರಿಸ್ಟ್‌ಗೌ ಆ ವರ್ಷದ ಕೊನೆಗೆ ಎಸ್ಕ್ವೈರ್‌ನಲ್ಲಿ ಈ ಗಲಾಟೆಯನ್ನೇ ವಿಷಯ ಮಾಡಿಕೊಂಡು ಬರೆದರು. ಗೋಲ್ಡ್‌ಸ್ಟೀನ್ ತೀರ್ಪನ್ನು ಅವರು ಒಪ್ಪಲಿಲ್ಲ. ಅತಿಯಾಗಿ ನಿರೀಕ್ಷಿಸಿದ್ದರಿಂದ ಆತ ನಿರಾಶನಾದ ಎಂಬುದು ಅವರ ವಾದ. ಆದರೆ ಆತನನ್ನು ಗಂಭೀರವಾಗಿ ಎತ್ತಿಕೊಂಡು ವಾದಿಸಿದರು, ಪತ್ರ ಬರೆದವರಂತೆ ಬೈದು ಸುಮ್ಮನಾಗಲಿಲ್ಲ.

ಆ ಜೂನ್ 18ರಂದೇ ಅಮೆರಿಕದ ಇನ್ನೊಂದು ತುದಿಯಲ್ಲಿ, ಕ್ಯಾಲಿಫೋರ್ನಿಯಾದ ಮಾಂಟೆರಿ ಎಂಬಲ್ಲಿ, ಮೂರು ದಿನಗಳ ಪಾಪ್ ಸಂಗೀತೋತ್ಸವದ ಕೊನೆಯ ದಿನ ನಡೆಯುತ್ತಿತ್ತು. ಮಧ್ಯಾಹ್ನ ಪಂಡಿತ್ ರವಿಶಂಕರರ ಸಿತಾರ್, ತಬಲಾಕ್ಕೆ ಉಸ್ತಾದ್ ಅಲ್ಲಾರಖಾ. ರಾತ್ರಿ ಜಿಮಿ ಹೆಂಡ್ರಿಕ್ಸ್ ಗಿಟಾರ್ ನುಡಿಸಿ, ಕೊನೆಗೆ ಅದನ್ನು ವೇದಿಕೆಯ ಮೇಲೆ ಮಲಗಿಸಿ ಬೆಂಕಿ ಹಚ್ಚಿದ. ರವಿಶಂಕರರಿಗೆ ಇದು ಸಹಿಸಲಾಗದ ದೃಶ್ಯವಾಯಿತು. ವಾದ್ಯಕ್ಕೆ ಅರಿಶಿನ ಕುಂಕುಮ ಇಟ್ಟು ಕೈಮುಗಿಯುವ ಮನೆಗಳಿಂದ ಬಂದ ನಮಗೆ ಆ ನೋವು ವಿವರಿಸಿ ಹೇಳಬೇಕಾಗಿಲ್ಲ.

ಕ್ರಿಸ್ಟ್‌ಗೌ ಕೂಡ ಅಲ್ಲಿದ್ದರು, ಎಸ್ಕ್ವೈರ್ ಪರವಾಗಿ. ಅವರಿಗೂ ಹೆಂಡ್ರಿಕ್ಸ್ ಹಿಡಿಸಲಿಲ್ಲ, ಆದರೆ ಕಾರಣ ಬೇರೆ. ಬಿಳಿಯರ ಗುಂಪನ್ನು ಮೆಚ್ಚಿಸಲು ಒಬ್ಬ ಕರಿಯ ಕಲಾವಿದ ವೇಷ ಹಾಕಿದ್ದಾನೆ ಎಂದು ಅವರಿಗೆ ಕಂಡಿತು. ಹಾಗೆ ಬಿಳಿಯರಿಗೆ ತಲೆಬಾಗುವ ಕರಿಯನಿಗೆ ಅಮೆರಿಕದಲ್ಲಿ ಬಳಸುವ 'ಅಂಕಲ್ ಟಾಮ್' ಎಂಬ ಅವಮಾನದ ಹೆಸರನ್ನೇ ಅವರು ಹೆಂಡ್ರಿಕ್ಸ್‌ಗೆ ಅಂಟಿಸಿದರು. ಅದು 1968ರ ಆರಂಭದಲ್ಲಿ ಅಚ್ಚಾಯಿತು. ಇಪ್ಪತ್ತನೆಯ ಶತಮಾನದ ಅತಿ ದೊಡ್ಡ ಗಿಟಾರ್ ವಾದಕ ಎಂದು ಲೋಕ ಒಪ್ಪಿದ ಮನುಷ್ಯನ ಬಗ್ಗೆ, ಅದೂ ಒಬ್ಬ ಬಿಳಿಯ ವಿಮರ್ಶಕನ ಲೇಖನಿಯಿಂದ, ಬಂದ ಮಾತು ಇದು. ಮುಂದಿನ ವರ್ಷಗಳಲ್ಲಿ ಕ್ರಿಸ್ಟ್‌ಗೌ ಹೆಂಡ್ರಿಕ್ಸ್ ಸಂಗೀತವನ್ನು ಮೆಚ್ಚಿ ಬರೆದರು. ಹಳೆಯ ಲೇಖನವನ್ನು ಮಾತ್ರ ಬಚ್ಚಿಡಲಿಲ್ಲ. ಅವರನ್ನು ಒಪ್ಪದವರು ಇಂದಿಗೂ ಮೊದಲು ಎತ್ತುವ ಕಲ್ಲು ಅದೇ. ಎತ್ತಲೂಬೇಕು. ಅಭಿರುಚಿಯ ಮಾತು ಕೇವಲ ಕಿವಿಯ ಮಾತಲ್ಲ, ಯಾರು ಎಲ್ಲಿ ಕೂತು ಕೇಳುತ್ತಿದ್ದಾರೆ ಎಂಬುದೂ ಅದರೊಳಗಿರುತ್ತದೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದಿಲ್ಲ.

ಸಂಗೀತಕ್ಕೊಂದು ಮಾರ್ಕ್ಸ್ ಕಾರ್ಡು

1969ರಲ್ಲಿ ಕ್ರಿಸ್ಟ್‌ಗೌ 'ವಿಲೇಜ್ ವಾಯ್ಸ್' ವಾರಪತ್ರಿಕೆ ಸೇರಿದರು. ಆ ಜುಲೈ ತಿಂಗಳಲ್ಲಿ 'ಕನ್ಸ್ಯೂಮರ್ ಗೈಡ್', ಅಂದರೆ ಗ್ರಾಹಕರ ಕೈಪಿಡಿ, ಎಂಬ ಅಂಕಣ ಶುರುವಾಯಿತು. ಒಂದು ಕಂತಿನಲ್ಲಿ ಸುಮಾರು ಇಪ್ಪತ್ತು ಆಲ್ಬಮ್‌ಗಳು. ಪ್ರತಿಯೊಂದಕ್ಕೆ ಒಂದು ಸಣ್ಣ ಪ್ಯಾರಾ, ಕೊನೆಗೆ ಶಾಲೆಯಲ್ಲಿ ಕೊಡುವಂತೆ ಒಂದು ದರ್ಜೆ: ಎ ಪ್ಲಸ್‌ನಿಂದ ಇ ಮೈನಸ್‌ವರೆಗೆ.

ಇದರ ಹಿಂದೆ ಸರಳವಾದ ಒಂದು ಕಾರಣವಿತ್ತು. ಕಂಪನಿಗಳು ಕಳಿಸುತ್ತಿದ್ದ ರೆಕಾರ್ಡುಗಳು ರಾಶಿ ಬೀಳುತ್ತಿದ್ದವು, ಎಲ್ಲದರ ಬಗ್ಗೆ ಉದ್ದ ಲೇಖನ ಬರೆಯಲು ಜಾಗವಿರಲಿಲ್ಲ. ಇನ್ನೊಂದು ಕಾರಣ ತುಂಟತನದ್ದು. ಅದು ಹಿಪ್ಪಿಗಳ ಕಾಲ. ರಾಕ್ ಸಂಗೀತ ವ್ಯಾಪಾರವನ್ನು ಮೀರಿದ ಪವಿತ್ರ ವಸ್ತು ಎಂದು ಅನೇಕರು ನಂಬಿದ್ದರು. ಹಾಗೆ ನಂಬಿದವರೇ ಅಂಗಡಿಗೆ ಹೋಗಿ ಜೇಬಿನಿಂದ ದುಡ್ಡು ತೆಗೆದು ಅದನ್ನು ಕೊಳ್ಳುತ್ತಿದ್ದರು. ನೀವು ಗ್ರಾಹಕರು, ಒಪ್ಪಿಕೊಳ್ಳಿ, ಇಗೋ ನಿಮಗೊಂದು ಕೈಪಿಡಿ ಎಂದು ಅವರನ್ನು ಕೆಣಕುವ ಉದ್ದೇಶ ಆ ಹೆಸರಿನಲ್ಲೇ ಇತ್ತು.

ಕೆಣಕಿದ್ದು ಫಲಿಸಿತು. ಕಲೆಗೆ ಮಾರ್ಕ್ಸ್ ಕೊಡುವುದೇ ಅವಮಾನ ಎಂದು ಒಂದು ಪಂಗಡ ಸಿಟ್ಟಾಯಿತು. ಕೊಟ್ಟ ಮಾರ್ಕ್ಸ್ ತಪ್ಪು ಎಂದು ಇನ್ನೊಂದು ಪಂಗಡ ಸಿಟ್ಟಾಯಿತು. ಎರಡನೆಯ ಪಂಗಡ ಬಲು ಬೇಗ ಬೆಳೆಯಿತು. ಎಸ್ಸೆಸ್ಸೆಲ್ಸಿ, ಪಿಯುಸಿ ಎಂದು ಮಾರ್ಕ್ಸ್ ಕಾರ್ಡು ಹಿಡಿದೇ ಬೆಳೆದ ನಮಗೆ ಇದರ ಗುಟ್ಟು ಗೊತ್ತಿರಬೇಕು. ಉತ್ತರಪತ್ರಿಕೆ ಹಿಂತಿರುಗಿ ಬಂದಾಗ ಮೇಷ್ಟ್ರು ಅಂಚಿನಲ್ಲಿ ಬರೆದ ಮಾತನ್ನು ನಾವು ಆಮೇಲೆ ಓದುತ್ತೇವೆ, ಮೊದಲು ನೋಡುವುದು ಅಂಕ. ಅಂಕ ಕಡಿಮೆ ಅನ್ನಿಸಿದರೆ ಮಾತ್ರ ಆ ಮಾತನ್ನು ಎರಡು ಮೂರು ಸಲ ಓದುತ್ತೇವೆ. ಕ್ರಿಸ್ಟ್‌ಗೌ ಓದುಗರೂ ಹಾಗೇ ಮಾಡಿದರು. ದರ್ಜೆ ಅವರನ್ನು ರೇಗಿಸಿತು, ರೇಗಿದ್ದರಿಂದ ಪ್ಯಾರಾ ಓದಿದರು, ಪ್ಯಾರಾ ಬಿಗಿಯಾಗಿ, ಒಗಟಿನಂತೆ ಇದ್ದುದರಿಂದ ಮತ್ತೆ ಓದಿದರು, ಕೊನೆಗೆ ರೆಕಾರ್ಡನ್ನೇ ಮತ್ತೆ ಕೇಳಿದರು.

ಇದರಲ್ಲಿ ಒಂದು ಶಿಸ್ತೂ ಇತ್ತು. ಬೆಳಗಿನಿಂದ ರಾತ್ರಿಯವರೆಗೆ ಮನೆಯಲ್ಲಿ ಸಂಗೀತ ಹಾಕಿಕೊಂಡಿರುವುದು ಅವರ ಕೆಲಸದ ರೀತಿ. ಒಂದು ಆಲ್ಬಮ್ಮನ್ನು ಹಲವು ಬಾರಿ ಕೇಳದೆ ದರ್ಜೆ ಕೊಡುವುದಿಲ್ಲ ಎಂಬುದು ನಿಯಮ. ಎಪ್ಪತ್ತರ ದಶಕದ ಅಂಕಣಗಳನ್ನು 1981ರಲ್ಲಿ ಪುಸ್ತಕ ಮಾಡುವಾಗ ಹಳೆಯ ಬರಹಗಳನ್ನು ಹಾಗೇ ಹೊಲಿದು ಕೊಡಲಿಲ್ಲ. ಮತ್ತೆ ಕೇಳಿ, ಎಷ್ಟೋ ಪ್ಯಾರಾಗಳನ್ನು ಹೊಸದಾಗಿ ಬರೆದು, ದರ್ಜೆಗಳನ್ನು ತಿದ್ದಿದರು. ಎಂಬತ್ತರ ದಶಕದ್ದು 1990ರಲ್ಲಿ, ತೊಂಬತ್ತರ ದಶಕದ್ದು 2000ದಲ್ಲಿ ಪುಸ್ತಕವಾದವು. ಒಟ್ಟು ಹತ್ತು ಸಾವಿರಕ್ಕೂ ಹೆಚ್ಚು ಆಲ್ಬಮ್‌ಗಳು ಅವರ ತಕ್ಕಡಿಯಲ್ಲಿ ತೂಗಿವೆ. 'ಅಮೆರಿಕದ ರಾಕ್ ವಿಮರ್ಶಕರ ಡೀನ್' ಎಂದು ಎಪ್ಪತ್ತರ ದಶಕದ ಆರಂಭದಲ್ಲಿ ಅವರು ತಮಾಷೆಗೆ ತಮ್ಮನ್ನು ಕರೆದುಕೊಂಡಿದ್ದರು. ತಮಾಷೆ ಬಿರುದಾಗಿ ಉಳಿಯಿತು.

ಫ್ಲೋರಾ ಫೌಂಟನ್‌ನ ಪುಸ್ತಕ

ಆ ಎಪ್ಪತ್ತರ ದಶಕದ ಪುಸ್ತಕದ ಒಂದು ಪ್ರತಿ ನಮ್ಮ ಮನೆಗೂ ಬಂದಿತ್ತು. ಪುಣೆಯ ಕೋಥ್‌ರೂಡ್‌ನಲ್ಲಿ ನಾವು ಮೂವರು ಕನ್ನಡದ ಹುಡುಗರು ಬಾಡಿಗೆಗಿದ್ದ ಕಾಲ. ಒಬ್ಬ ಬೆಂಗಳೂರಿನ ಬಸವನಗುಡಿಯವನು, ಪಕ್ಕಾ ಮೆಟಲ್ ಭಕ್ತ. 2007ರ ಮಾರ್ಚಿನಲ್ಲಿ ಐರನ್ ಮೇಡನ್ ತಂಡ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ರಜೆ ಹಾಕಿ, ರಾತ್ರಿ ಬಸ್ಸು ಹಿಡಿದು ಹೋಗಿ ಕೇಳಿ ಬಂದು ವಾರವಿಡೀ ಗಂಟಲು ಕಟ್ಟಿಕೊಂಡಿದ್ದವನು. ಮುಂಬೈಗೆ ಹೋದಾಗ ಫ್ಲೋರಾ ಫೌಂಟನ್ ಫುಟ್‌ಪಾತಿನ ಹಳೇ ಪುಸ್ತಕದ ರಾಶಿಯಲ್ಲಿ ಈ ಪುಸ್ತಕ ಸಿಕ್ಕಿತೆಂದು ಖುಷಿಯಿಂದ ತಂದ. ಆ ರಾತ್ರಿಯೇ ಖುಷಿ ಇಳಿಯಿತು.

"ಪ್ಯಾರನಾಯ್ಡ್‌ಗೆ ಸಿ ಮೈನಸ್ಸಾ? ಈ ವಯ್ಯನಿಗೆ ಕಿವಿ ಇದೆಯೇನ್ ಗುರು?"

ಬ್ಲ್ಯಾಕ್ ಸ್ಯಾಬತ್ ತಂಡದ 'ಪ್ಯಾರನಾಯ್ಡ್' ಮೆಟಲ್ ಸಂಗೀತಕ್ಕೆ ತಳಪಾಯ ಹಾಕಿದ ಆಲ್ಬಮ್‌ಗಳಲ್ಲಿ ಒಂದು. ಮುಂದಿನ ಪುಟಗಳಲ್ಲಿ ನನ್ನ ಸರದಿಯೂ ಬಂತು. ನಾನು ಪಿಂಕ್ ಫ್ಲಾಯ್ಡ್ ಭಕ್ತ. 'ಡಾರ್ಕ್ ಸೈಡ್ ಆಫ್ ದ ಮೂನ್'ಗೆ ಬರೀ 'ಬಿ'. 'ದ ವಾಲ್'ಗೆ 'ಬಿ ಮೈನಸ್'. ನಾನೂ ಸಿಟ್ಟಾದೆ.

ನಮ್ಮ ಸಿಟ್ಟಿಗೆ ಒಂದು ಚರಿತ್ರೆಯ ಕಾರಣವೂ ಇತ್ತು. ನಮ್ಮ ದೇಶದ ಊರುಗಳಲ್ಲಿ ರಾಕ್ ಕೇಳಿ ಬೆಳೆದವರ ದೇವರುಗಳೆಂದರೆ ಹೆಚ್ಚಾಗಿ ಡೀಪ್ ಪರ್ಪಲ್, ಪಿಂಕ್ ಫ್ಲಾಯ್ಡ್, ಐರನ್ ಮೇಡನ್, ಮೆಟಾಲಿಕಾ. ಬೆಂಗಳೂರಿಗೆ ಬಂದವರ ಪಟ್ಟಿ ನೋಡಿ: 2001ರಲ್ಲಿ ಡೀಪ್ ಪರ್ಪಲ್, 2002ರಲ್ಲಿ ಪಿಂಕ್ ಫ್ಲಾಯ್ಡ್‌ನ ರಾಜರ್ ವಾಟರ್ಸ್, 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ. ದೊಡ್ಡ ಗಿಟಾರ್, ದೊಡ್ಡ ಶಬ್ದ, ಉದ್ದುದ್ದ ಹಾಡು. ಕ್ರಿಸ್ಟ್‌ಗೌಗೆ ಒಗ್ಗದೇ ಇದ್ದದ್ದು ಇದೇ ವಂಶ. ಘನಗಾಂಭೀರ್ಯದ ಮುಖ ಹೊತ್ತ ಸಂಗೀತ ಅವರಿಗೆ ಸೇರದು. ಚುರುಕು ತಾಳ, ಚುಟುಕು ಹಾಡು, ಮಾತಿನಲ್ಲಿ ಹಾಸ್ಯ, ಮೈಯಲ್ಲಿ ಕುಣಿತ ಅವರಿಗೆ ಬೇಕು. 1973ರಲ್ಲಿ ಬಂದ ನ್ಯೂಯಾರ್ಕ್ ಡಾಲ್ಸ್ ಎಂಬ ತಂಡದ ಮೊದಲ ಆಲ್ಬಮ್ ಹೆಚ್ಚು ಖರ್ಚಾಗಲಿಲ್ಲ. ಅದಕ್ಕೆ ಅವರು ಎ ಪ್ಲಸ್ ಕೊಟ್ಟರು. ಅರಮನೆ ಮೈದಾನದಲ್ಲಿ ಸೇರಿದ್ದವರಲ್ಲಿ ಆ ತಂಡದ ಹೆಸರು ಕೇಳಿದವರು ಎಷ್ಟು ಮಂದಿ ಇದ್ದಾರು?

ಅಮೆರಿಕದ ಮೆಟಲ್ ಅಭಿಮಾನಿಗಳ ದೂರೂ ಇದೇ ಆಗಿತ್ತು. ಕಾರ್ಖಾನೆ ಊರುಗಳ ಹುಡುಗರು ಕೇಳುವ ಸಂಗೀತವನ್ನು ನ್ಯೂಯಾರ್ಕಿನ ಕಾಲೇಜು ಓದಿದವನೊಬ್ಬ ಮೂಗು ಮುರಿದು ತಳ್ಳಿಹಾಕುತ್ತಾನೆ ಎಂದು ಅವರು ಹೇಳಿದರು. ಈ ದೂರಿನಲ್ಲಿ ಹುರುಳಿದೆ ಎಂದೇ ನನ್ನ ಅಭಿಪ್ರಾಯ. ಬ್ಲ್ಯಾಕ್ ಸ್ಯಾಬತ್ ಬಂದದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಿಂದ. ಅದರ ಗಿಟಾರ್ ವಾದಕ ಟೋನಿ ಅಯೋಮಿ ಲೋಹದ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳ ತುದಿ ಕಳೆದುಕೊಂಡವನು. ಅದೇ ಕೈಯಿಂದ ತಂತಿ ಒತ್ತುವವನಾದ್ದರಿಂದ ತಾನೇ ಮಾಡಿಕೊಂಡ ಟೊಪ್ಪಿಯನ್ನು ಬೆರಳಿಗೆ ಹಾಕಿ ನುಡಿಸಿದ. ಮುಂದೆ ತಂತಿಗಳನ್ನು ಸಡಿಲಿಸಿ ಶ್ರುತಿ ಇಳಿಸಿದ, ನಾದ ಇನ್ನೂ ಭಾರವಾಯಿತು. ಆ ಭಾರ ಎಲ್ಲಿಂದ ಬಂತು ಎಂಬುದು ಸಿ ಮೈನಸ್ ಎಂಬ ಎರಡು ಪದಗಳಲ್ಲಿ ಕಾಣುವುದಿಲ್ಲ.

ಆದರೆ ಅದೇ ಪುಸ್ತಕ ಬಸವನಗುಡಿಯ ಗೆಳೆಯನಿಗೆ ಬೇರೆ ಏನೋ ಮಾಡಿತು. ಈ ವಯ್ಯನ ಕಿವಿ ಕೆಟ್ಟಿದೆ ಎಂದು ಸಾಧಿಸಲು ಆತ ಎ ದರ್ಜೆ ಸಿಕ್ಕ ಆಲ್ಬಮ್‌ಗಳನ್ನು ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡು ಒಂದೊಂದಾಗಿ ಹುಡುಕಿ ಕೇಳತೊಡಗಿದ. ಮೊದಲ ನಾಲ್ಕೈದಕ್ಕೆ ಗಹಗಹಿಸಿ ನಕ್ಕ. ಆಮೇಲೊಂದು ರಾತ್ರಿ ಜಮೈಕಾದ ಟೂಟ್ಸ್ ಆ್ಯಂಡ್ ದ ಮೇಟಲ್ಸ್ ತಂಡದ 'ಫಂಕಿ ಕಿಂಗ್‌ಸ್ಟನ್' ಹಾಕಿದವನು ನಗಲಿಲ್ಲ. ಮತ್ತೊಂದು ಸಲ ಹಾಕಿದ. ಆ ತಿಂಗಳು ನಮ್ಮ ಮನೆಯಲ್ಲಿ ಅಲ್ ಗ್ರೀನ್ ಹಾಡಿದ್ದೇ ಹಾಡಿದ್ದು. ಮೂರನೆಯ ರೂಮ್‌ಮೇಟ್, ಸಿನಿಮಾ ಹಾಡು ಬಿಟ್ಟು ಬೇರೇನೂ ಕೇಳದವನು, "ಇದು ಪರವಾಗಿಲ್ಲ ಮಾರಾಯಾ, ಆ ಕಿರುಚಾಟಕ್ಕಿಂತ" ಅಂದ.

ಸೋಲಲು ಒಪ್ಪಿದ ಮೇಷ್ಟ್ರು

ಒಬ್ಬನೇ ತೀರ್ಪುಗಾರನಾಗಿ ಕೂತಿದ್ದರೆ ಕ್ರಿಸ್ಟ್‌ಗೌ ಕಥೆ ಇಷ್ಟು ಹೇಳುವಂಥದಾಗುತ್ತಿರಲಿಲ್ಲ. ಅವರು ಇನ್ನೊಂದು ಕೆಲಸವನ್ನೂ ಮಾಡಿದರು. 1971ರಲ್ಲಿ ಒಮ್ಮೆ ಪ್ರಯತ್ನಿಸಿ, 1974ರಿಂದ ಪ್ರತಿವರ್ಷ, ದೇಶದ ವಿಮರ್ಶಕರಿಂದ ಮತ ಪಡೆದು ವರ್ಷದ ಉತ್ತಮ ಆಲ್ಬಮ್‌ಗಳ ಪಟ್ಟಿ ಪ್ರಕಟಿಸಿದರು. 'ಜಾಝ್ ಆ್ಯಂಡ್ ಪಾಪ್' ಎಂಬ ಪತ್ರಿಕೆಯ ಹೆಸರನ್ನು ಅದಲು ಬದಲು ಮಾಡಿ ಅದಕ್ಕೆ 'ಪಾಝ್ ಆ್ಯಂಡ್ ಜಾಪ್' ಎಂದು ಹೆಸರಿಟ್ಟಿದ್ದರು. ಪ್ರತಿಯೊಬ್ಬ ಮತದಾರನಿಗೆ ನೂರು ಅಂಕ. ಅದನ್ನು ಹತ್ತು ಆಲ್ಬಮ್‌ಗಳಿಗೆ ಹಂಚಬೇಕು. ಯಾವುದಕ್ಕೂ ಮೂವತ್ತಕ್ಕಿಂತ ಹೆಚ್ಚಿಲ್ಲ, ಐದಕ್ಕಿಂತ ಕಡಿಮೆಯಿಲ್ಲ. ಸಣ್ಣ ಗುಂಪಿನಿಂದ ಶುರುವಾದದ್ದು ಈ ಶತಮಾನದ ಮೊದಲ ವರ್ಷಗಳಲ್ಲಿ ಏಳುನೂರಕ್ಕೂ ಹೆಚ್ಚು ಮತದಾರರ ಚುನಾವಣೆಯಾಗಿತ್ತು.

ಫಲಿತಾಂಶದ ಪಕ್ಕದಲ್ಲೇ ಕ್ರಿಸ್ಟ್‌ಗೌ ತಮ್ಮ ಸ್ವಂತ ಪಟ್ಟಿಯನ್ನೂ ಅಚ್ಚು ಹಾಕುತ್ತಿದ್ದರು. ಬಹುಮತ ಇಲ್ಲಿದೆ, ನಾನು ಇಲ್ಲಿದ್ದೇನೆ, ನಡುವಿನ ಅಂತರ ನೀವೇ ನೋಡಿ ಎಂಬಂತೆ. ಜೊತೆಗೊಂದು ಉದ್ದನೆಯ ಪ್ರಬಂಧ. ಮತದಾರರಲ್ಲಿ ಬಿಳಿಯರೇ ಹೆಚ್ಚು, ಗಂಡಸರೇ ಹೆಚ್ಚು, ಆದ್ದರಿಂದ ಗೆಲ್ಲುವ ಸಂಗೀತವೂ ಅವರ ಪೈಕಿಯದೇ ಹೆಚ್ಚು ಎಂಬ ಆಕ್ಷೇಪ ಆ ಪುಟಗಳಲ್ಲೇ ಚರ್ಚೆಯಾಯಿತು. ಹೆಂಡ್ರಿಕ್ಸ್ ಬಗ್ಗೆ ಹಾಗೆ ಬರೆದ ಮನುಷ್ಯ ಸಂಪಾದಕನಾಗಿ ಗ್ರೆಗ್ ಟೇಟ್, ನೆಲ್ಸನ್ ಜಾರ್ಜ್ ಅವರಂಥ ಕರಿಯ ಬರಹಗಾರರಿಗೆ ಪತ್ರಿಕೆಯಲ್ಲಿ ಜಾಗ ಮಾಡಿಕೊಟ್ಟರು. ಹಿಪ್-ಹಾಪ್ ಸಂಗೀತವೇ ಅಲ್ಲ ಎಂದು ಎಷ್ಟೋ ರಾಕ್ ಅಭಿಮಾನಿಗಳು ಹೇಳುತ್ತಿದ್ದಾಗ ಅದನ್ನು ಮನಸಿಟ್ಟು ಕೇಳಿದರು. 1988ರ ಮತದಾನದಲ್ಲಿ ಪಬ್ಲಿಕ್ ಎನಿಮಿ ತಂಡದ ಆಲ್ಬಮ್ ಮೊದಲ ಸ್ಥಾನಕ್ಕೆ ಬಂತು. ದಕ್ಷಿಣ ಆಫ್ರಿಕಾದ ಕರಿಯರ ಬಸ್ತಿಗಳ ಹಾಡುಗಳ ಸಂಕಲನ 'ದಿ ಇನ್‌ಡಿಸ್ಟ್ರಕ್ಟಿಬಲ್ ಬೀಟ್ ಆಫ್ ಸೊವೆಟೊ' 1980ರ ದಶಕದ ನಡುವಿನಲ್ಲಿ, ಇನ್ನೂ ವರ್ಣಭೇದ ನೀತಿಯಿದ್ದ ದಿನಗಳಲ್ಲಿ, ಬಂದಾಗ ಅದಕ್ಕೆ ಎ ಪ್ಲಸ್ ಕೊಟ್ಟರು. ಹಳೆಯ ತಪ್ಪಿಗೆ ಇದು ಪ್ರಾಯಶ್ಚಿತ್ತ ಎಂದು ನಾನು ಹೇಳುವುದಿಲ್ಲ. ತಪ್ಪು ತಪ್ಪೇ. ಆದರೆ ಆ ಮನುಷ್ಯ ಅಲ್ಲೇ ನಿಂತುಬಿಡಲಿಲ್ಲ ಎಂಬುದು ದಾಖಲೆಯಲ್ಲಿದೆ.

ಹಾಡುಗಾರರ ಸಿಟ್ಟಿಗೂ ಹೀಗೇ ಒಂದು ಮುಂದಿನ ಅಧ್ಯಾಯವಿದೆ. ನ್ಯೂಯಾರ್ಕಿನ ಸೋನಿಕ್ ಯೂತ್ ತಂಡ 1983ರಲ್ಲಿ ತನ್ನ ಒಂದು ಹಾಡಿನಲ್ಲಿ ಕ್ರಿಸ್ಟ್‌ಗೌ ಹೆಸರು ಹಿಡಿದು ಆತನನ್ನು ಮೆಚ್ಚಿಸುವ ಹಂಗು ನಿಮಗ್ಯಾಕೆ ಎಂದು ಕೇಳಿತು. ಅದೇ ಹಾಡಿಗೆ ಅವರು ಒಮ್ಮೆ ಇಟ್ಟ ಮತ್ತೊಂದು ಹೆಸರನ್ನು ಇಲ್ಲಿ ಬರೆಯುವಂತಿಲ್ಲ. ಕ್ರಿಸ್ಟ್‌ಗೌರನ್ನು ಕೊಂದ ಸುದ್ದಿ ಅದರಲ್ಲಿದೆ ಅಂದರೆ ಸಾಕು. ಐದು ವರ್ಷದ ಮೇಲೆ ಅವರ 'ಡೇಡ್ರೀಮ್ ನೇಷನ್' ಬಂದಾಗ ಕ್ರಿಸ್ಟ್‌ಗೌ ಕೊಟ್ಟದ್ದು ಎ. ಬೈದರೆಂದು ಇಳಿಸಲಿಲ್ಲ, ಬೈದರೆಂದು ಹೆದರಿ ಏರಿಸಿದ್ದೂ ಅಲ್ಲ. ಸಂಗೀತ ಬದಲಾಗಿತ್ತು, ಕಿವಿಯೂ ಅದರ ಜೊತೆ ಹೋಗಿತ್ತು.

ಲಂಕೇಶರ 'ಟೀಕೆ ಟಿಪ್ಪಣಿ' ಓದಿ ಬೆಳೆದ ಕನ್ನಡಿಗರಿಗೆ ಈ ಅನುಭವ ಹೊಸದಲ್ಲ. ಅವರ ಮಾತನ್ನು ಒಪ್ಪದವರೂ ವಾರವಾರ ಪತ್ರಿಕೆಗೆ ಕಾಯುತ್ತಿದ್ದರು. ಈ ವಾರ ಯಾರಿಗೆ ಏನು ಕಾದಿದೆ ಎಂಬ ಕುತೂಹಲ ಒಂದು ಕಡೆ. ಒಪ್ಪದಿರುವುದಕ್ಕೂ ಗಟ್ಟಿಯಾದ ಒಂದು ಮಾತು ಎದುರಿಗೆ ಬೇಕಲ್ಲ, ಅದು ಇನ್ನೊಂದು ಕಡೆ.

ಕಾರಣ: ಅಭಿರುಚಿ

2006ರ ಆಗಸ್ಟ್‌ನಲ್ಲಿ, ಪತ್ರಿಕೆ ಹೊಸ ಮಾಲೀಕರ ಕೈಗೆ ಹೋದ ಮೇಲೆ, ವಿಲೇಜ್ ವಾಯ್ಸ್ ಕ್ರಿಸ್ಟ್‌ಗೌರನ್ನು ಕೆಲಸದಿಂದ ತೆಗೆಯಿತು. 1969ರಲ್ಲಿ ಸೇರಿದವರು, ನಡುವೆ 'ನ್ಯೂಸ್‌ಡೇ' ಪತ್ರಿಕೆಯಲ್ಲಿ ಕಳೆದ ಎರಡು ವರ್ಷ ಬಿಟ್ಟರೆ, ಅಲ್ಲೇ ತಲೆ ನರೆಸಿಕೊಂಡಿದ್ದರು. ವಜಾ ಮಾಡಿದ್ದಕ್ಕೆ ಹೇಳಿದ ಕಾರಣ ಒಂದೇ ಪದದ್ದು: ಅಭಿರುಚಿ. ಅಭಿಮಾನಿಗಳು ನಲವತ್ತು ವರ್ಷ ಯಾವುದರ ಬಗ್ಗೆ ಜಗಳವಾಡಿದ್ದರೋ ಆ ಪದವೇ ಕೊನೆಗೆ ಕಚೇರಿಯ ಕಾಗದದ ಭಾಷೆಯಾಯಿತು.

ಎರಡೂ ಒಂದೇ ಪದವಾದರೂ ಅರ್ಥ ಒಂದೇ ಅಲ್ಲ. ನನ್ನ ಗೆಳೆಯ ಪ್ಯಾರನಾಯ್ಡ್ ಪರವಾಗಿ ಕೂಗಾಡಿದಾಗ ಆತ ಕಾರಣ ಕೊಡಬೇಕಿತ್ತು. ಕ್ರಿಸ್ಟ್‌ಗೌ ಸಿ ಮೈನಸ್ ಹಾಕಿದಾಗಲೂ, ಎಷ್ಟೇ ಚುಟುಕಾಗಿರಲಿ, ಕಾರಣ ಕೊಟ್ಟಿದ್ದರು. ಮಾಲೀಕರು ಆ ಪದ ಬಳಸಿದಾಗ ಅಲ್ಲಿಗೆ ಮಾತು ಮುಗಿಯಿತು. 'ಅವರವರ ರುಚಿ ಅವರವರಿಗೆ' ಎಂದು ನಾವು ದಿನವೂ ಹೇಳುವ ಮಾತಿನಲ್ಲೂ ಇದೇ ಅಪಾಯವಿದೆ. ಕೇಳಲು ಅದು ಉದಾರ ಮಾತು. ಎಷ್ಟೋ ಸಲ ಅದರ ಅರ್ಥ, ನಿನ್ನ ಜೊತೆ ಮಾತು ಬೆಳೆಸಲು ನನಗೆ ಇಷ್ಟವಿಲ್ಲ ಎಂದಷ್ಟೇ.

ಕೆಲಸ ಹೋದ ಮೇಲೂ ಅವರು ಬರೆಯುವುದನ್ನು ನಿಲ್ಲಿಸಲಿಲ್ಲ. ಒಂದು ಕಡೆ ಅಂಕಣ ನಿಂತರೆ ಇನ್ನೊಂದು ಕಡೆ ಶುರುವಾಯಿತು. 2015ರಲ್ಲಿ 'ಗೋಯಿಂಗ್ ಇಂಟು ದ ಸಿಟಿ' ಎಂಬ ಆತ್ಮಕಥೆ ಬಂತು. 2019ರಿಂದ ಚಂದಾ ಕಟ್ಟುವ ಓದುಗರಿಗೆ ನೇರವಾಗಿ ಬರೆಯುತ್ತಾ ಬಂದರು. ಎಂಬತ್ತು ದಾಟಿದ ಮೇಲೂ ಅದೇ ಚುಟುಕು ಪ್ಯಾರಾ, ಅದೇ ದರ್ಜೆ. ವಿಲೇಜ್ ವಾಯ್ಸ್ ಮಾತ್ರ 2017ರಲ್ಲಿ ಅಚ್ಚಾಗುವುದನ್ನೇ ನಿಲ್ಲಿಸಿತು.

ಅಷ್ಟರಲ್ಲಿ ಕೇಳುವ ರೀತಿಯೇ ಬದಲಾಗಿತ್ತು. ಗ್ರಾಹಕರ ಕೈಪಿಡಿ ಹುಟ್ಟಿದ್ದು ಒಂದು ರೆಕಾರ್ಡು ಕೊಳ್ಳಲು ಎರಡು ಸಲ ಯೋಚಿಸಬೇಕಾದ ಕಾಲದಲ್ಲಿ. ಈಗ ತಿಂಗಳಿಗೊಂದಿಷ್ಟು ಕಟ್ಟಿದರೆ ಎಲ್ಲವೂ ಫೋನಿನಲ್ಲಿದೆ. ಯಾವುದನ್ನು ಕೊಳ್ಳಲಿ ಎಂಬ ಪ್ರಶ್ನೆ ಇಲ್ಲ. ಮುಂದೆ ಯಾವುದನ್ನು ಕೇಳಲಿ ಎಂಬ ಪ್ರಶ್ನೆಗೆ ಫೋನೇ ಉತ್ತರ ಕೊಡುತ್ತದೆ, ನೀವು ಕೇಳಿದ್ದನ್ನೇ ಹೋಲುವ ಇನ್ನೊಂದನ್ನು ಮುಂದಿಟ್ಟು. ಅದು ಪ್ಯಾರನಾಯ್ಡ್ ಇಷ್ಟಪಟ್ಟವನಿಗೆ ಸಿ ಮೈನಸ್ ಎಂದು ಎಂದೂ ಹೇಳುವುದಿಲ್ಲ, ನಿಮ್ಮನ್ನು ಎಂದೂ ರೇಗಿಸುವುದಿಲ್ಲ. ಜಮೈಕಾದ ಟೂಟ್ಸ್ ತಂಡವನ್ನು ಮೆಟಲ್ ಭಕ್ತನ ಮುಂದೆ ತಂದು ನಿಲ್ಲಿಸುವುದೂ ಅಪರೂಪ. ಊರು ಬಿಟ್ಟು ಬಂದ ನಮ್ಮಂಥವರಿಗೆ ಇದು ಇನ್ನೊಂದು ರೀತಿಯಲ್ಲೂ ತಾಗುತ್ತದೆ. ಬೇರೆ ಬೇರೆ ಊರಿನ ಮೂವರು ಒಂದೇ ಬಾಡಿಗೆ ಮನೆಯಲ್ಲಿ, ಒಂದೇ ಜೊತೆ ಸ್ಪೀಕರಿನಲ್ಲಿ ಹಾಡು ಕೇಳಬೇಕಾಗಿದ್ದಾಗ ಜಗಳ ಅನಿವಾರ್ಯವಾಗಿತ್ತು. ಈಗ ಅದೇ ಮನೆಯಲ್ಲಿ ಮೂರು ಜೊತೆ ಇಯರ್‌ಫೋನುಗಳಿರುತ್ತವೆ.

ಹಾಗೆಂದು ಹಳೆಯ ಕಾಲವೇ ಚೆನ್ನಾಗಿತ್ತು ಎಂದು ನಾನು ಹೇಳುತ್ತಿಲ್ಲ. ಒಬ್ಬ ನ್ಯೂಯಾರ್ಕಿನವನ ಮೂಗಿನ ನೇರಕ್ಕೆ ಲೋಕದ ಸಂಗೀತವನ್ನೆಲ್ಲ ಅಳೆಯುವುದು ಯಾವ ನ್ಯಾಯ ಎಂದು ಕೇಳಿದವರ ಪ್ರಶ್ನೆ ಸರಿಯಾದದ್ದೇ. ಆದರೆ ಆ ಪ್ರಶ್ನೆ ಕೇಳಲು ಅಲ್ಲಿ ಒಬ್ಬ ಮನುಷ್ಯನಿದ್ದ. ಅವನ ಹೆಸರಿತ್ತು, ವಿಳಾಸವಿತ್ತು, ಹಳೆಯ ತಪ್ಪುಗಳ ದಾಖಲೆಯಿತ್ತು. ಲೂ ರೀಡ್ ವೇದಿಕೆಯಿಂದ ಬೈಯಬಹುದಿತ್ತು, ಅವನು ಅದನ್ನು ಕೇಳಿ ಸಿ ಪ್ಲಸ್ ಹಾಕಬಹುದಿತ್ತು.

ಬಸವನಗುಡಿಯ ಗೆಳೆಯ ಈಗ ಹೈದರಾಬಾದಿನಲ್ಲಿದ್ದಾನೆ. ಫ್ಲೋರಾ ಫೌಂಟನ್ ಪುಸ್ತಕ ಅವನ ಬಳಿಯೇ ಇದೆ, ಬೆನ್ನು ಕಿತ್ತು ಎರಡು ಭಾಗವಾಗಿದೆಯಂತೆ. ಮೊನ್ನೆ ಫೋನ್ ಮಾಡಿದಾಗ ಎಂಟು ವರ್ಷದ ಮಗಳಿಗೆ ಅಲ್ ಗ್ರೀನ್ ಕೇಳಿಸುತ್ತಿದ್ದೇನೆ ಅಂದ. ಪ್ಯಾರನಾಯ್ಡ್ ಕೇಳಿಸಿದೆಯಾ ಎಂದು ಕೇಳಿದೆ. ಕೇಳಿಸಿದ್ದನಂತೆ. "ಅಪ್ಪಾ, ಇದು ಬೇಡ, ಆ ಇನ್ನೊಂದು ಹಾಕು" ಅಂದಳಂತೆ.

"ಹಾಗಾದ್ರೆ ಆ ವಯ್ಯ ಹೇಳಿದ್ದೇ ಸರಿ ಅಂತೀಯಾ?"

"ಇಲ್ಲ ಗುರು," ಅಂದ. "ಅವಳಿಗೂ ಒಂದಿನ ತಿಳಿಸಿ ಹೇಳ್ತೀನಿ."